ಸಂಘದ ಕಪಾಟು ಮತ್ತು ಅದರ ಕೀಲಿಕೈ

(ಡೊಂಬಿವಲಿಯಲ್ಲಿ ಕೂಡಿದ ಶಾಖಾ ಕಾರ್ಯಕರ್ತರ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ಸಭೆಯಲ್ಲಿ ಪಗಾರದ ಮಾತಿಲ್ಲ, ಬೋನಸ್ಸಿನ ಮಾತಿಲ್ಲ, ಕಂಪ್ಯೂಟರಿನ ಮಾತಿದೆ ಎಂದು ಕೇಳಿ ಕೆಲವರು ಮುಖ ಸಣ್ಣದು ಮಾಡಿದ್ದನ್ನು ನಾವು ಕಂಡಿದ್ದೇವೆ. "ನಮಗೇಕೆ ಮಾರಾಯರೇ ಆ ಪೆಟ್ಟಿಗೆಯ ಉಸಾಬರಿ? ಅದನ್ನು ಓದಿದ ಹುಡುಗರು ನೋಡಿಕೊಳ್ಳಲಿ" ಎಂದು ಬಾಗಿಲ ಬಳಿಯಲ್ಲಿ ಒಬ್ಬರು ಹೇಳಿದ್ದೂ ಕಿವಿಗೆ ಬಿತ್ತು. ನಾವೂ ಏಳನೆಯ ಇಯತ್ತೆಗೆ ಪಾಟಿಚೀಲ ಕೆಳಗಿಟ್ಟು ಹೋಟೆಲಿನ ಮೋರಿಯಲ್ಲಿ ಕಪ್ಪುಬಸಿ ತೊಳೆದವರೇ. ಆದುದರಿಂದ ಪಂಡಿತರಂತೆ ಮಾತನಾಡಲು ಬಂದಿಲ್ಲ. ಒಂದು ಕಂಪ್ಯೂಟರಿನಲ್ಲಿ ಇಟ್ಟ ಕಾಗದವನ್ನು ಅದೇ ಕಟ್ಟಡದ ಇನ್ನೊಂದು ಕಂಪ್ಯೂಟರಿನಲ್ಲಿ ಕುಳಿತು ತೆರೆಯುವುದು ಹೇಗೆ, ತೆರೆಯುವ ಹಕ್ಕು ಯಾರಿಗೆ, ತೆರೆಯದೆ ಹೋದರೆ ಎಲ್ಲಿ ನೋಡಬೇಕು, ಇಷ್ಟನ್ನು ನಮ್ಮ ಮಾತಿನಲ್ಲಿ ಹೇಳಬೇಕೆಂದು ನಿಂತಿದ್ದೇವೆ. ಇದು ಪೆಟ್ಟಿಗೆಯ ಮಾತಾಗಿ ತೋರಿದರೂ ಕೊನೆಗೆ ಪಗಾರದ ಮಾತೇ ಆಗಿದೆ. ಹೇಗೆಂಬುದನ್ನು ಮೊದಲು ಹೇಳುತ್ತೇವೆ.

ಕಾಗದವಿಲ್ಲದವನ ಮಾತು

ಕೈಯಲ್ಲಿ ಕಾಗದವಿಲ್ಲದ ಕೆಲಸಗಾರನ ಮಾತು ಕಚೇರಿಯ ಮೆಟ್ಟಿಲು ಹತ್ತುವುದಿಲ್ಲ. ಇದು ಇಂದಿನ ಅನುಭವವಲ್ಲ. ನಮ್ಮ ಈ ಥಾಣೆಯಲ್ಲೇ 1848ರಲ್ಲಿ ಹುಟ್ಟಿದ ನಾರಾಯಣ ಮೇಘಾಜಿ ಲೋಖಂಡೆಯವರು 1884ರಲ್ಲಿ ಮುಂಬಯಿಯ ಗಿರಣಿ ಕಾರ್ಮಿಕರ ಸಭೆ ಕರೆದು, ವಾರಕ್ಕೊಂದು ರಜೆ ಮೊದಲಾದ ಬೇಡಿಕೆಗಳ ಮನವಿಗೆ ಐದೂವರೆ ಸಾವಿರ ಮಂದಿಯ ಸಹಿ ಹಾಕಿಸಿದರು. ಬರಿ ಬಾಯಿಮಾತಾಗಿದ್ದರೆ ಅದು ಗಾಳಿಗೆ ಹೋಗುತ್ತಿತ್ತು. ಸಹಿಯ ಪಟ್ಟಿ ಇತ್ತು; ಬೆನ್ನುಬಿಡದ ಹೋರಾಟವಿತ್ತು. 1890ರಲ್ಲಿ ಗಿರಣಿಗಳಿಗೆ ಭಾನುವಾರದ ರಜೆ ಬಂತು.

ನೂರು ವರ್ಷ ಸಮೀಪಿಸಿದಾಗಿನ ಕಥೆ ಇಲ್ಲಿರುವ ಹಿರಿಯರಿಗೆ ಗೊತ್ತಿದೆ. 1982ರ ಜನವರಿ 18ರಂದು ಮುಂಬಯಿಯ ಗಿರಣಿಗಳ ಮುಷ್ಕರ ಆರಂಭವಾಯಿತು. ಸುಮಾರು ಎರಡೂವರೆ ಲಕ್ಷ ಮಂದಿ ಹೊರಗೆ ಬಂದರು. ಅನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಮುಚ್ಚಿದ ಗಿರಣಿಯ ಕಾರ್ಮಿಕರಿಗೆ ಮನೆ ಕೊಡುವ ಯೋಜನೆ ಬಂದಾಗ ಮೊದಲು ಕೇಳಿದ ಪ್ರಶ್ನೆ ಯಾವುದು? "1982ರ ಜನವರಿ 1ರಂದು ಅಥವಾ ಅದರ ಮುಂದೆ ನೀನು ಗಿರಣಿಯ ಮಸ್ಟರಿನಲ್ಲಿ ಇದ್ದೆಯೋ?" 2023ರಲ್ಲಿ ಮ್ಹಾಡಾದವರು ಸುಮಾರು ಒಂದೂವರೆ ಲಕ್ಷ ಅರ್ಜಿದಾರರ ಅರ್ಹತೆಯನ್ನು ನೋಡಲು ಕಾಗದ ಕೇಳಿದರು. ಗಿರಣಿಯ ಗುರುತುಚೀಟಿ, ಟಿಕೆಟ್ ನಂಬರು, ಸರ್ವಿಸ್ ಸರ್ಟಿಫಿಕೇಟು, ಪ್ರಾವಿಡೆಂಟ್ ಫಂಡಿನ ನಂಬರು, ಇ.ಎಸ್.ಐ. ನಂಬರು ಎಂದು ನಾಲ್ವತ್ತು ವರ್ಷದ ಹಿಂದಿನ ಚೂರುಪಾರು ಹುಡುಕಬೇಕಾಯಿತು. ಸಾಂಚಾದ ಎದುರು ಇಪ್ಪತ್ತು ವರ್ಷ ನಿಂತ ಕಾಲು ಪುರಾವೆಯಾಗಲಿಲ್ಲ. ಅಂಗೈಯಗಲದ ಚೀಟಿ ಪುರಾವೆಯಾಯಿತು.

ಆ ಚೀಟಿಗಳು ಎಲ್ಲಿದ್ದವು? ಚಾಳಿನ ಖೋಲಿಯಲ್ಲಿ, ಮಂಚದಡಿಯ ತಗಡಿನ ಟ್ರಂಕಿನಲ್ಲಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನಕ್ಕೆ 944 ಮಿಲಿಮೀಟರು ಮಳೆ ಬಿದ್ದಾಗ ಈ ಕಡೆ ಕಲ್ಯಾಣ, ಡೊಂಬಿವಲಿಗಳಲ್ಲೂ ನೀರು ನುಗ್ಗಿತು. ತಗ್ಗಿನ ಖೋಲಿಗಳಲ್ಲಿ ಮಂಚವೇ ಮುಳುಗಿದ ಮೇಲೆ ಅದರಡಿಯ ಟ್ರಂಕನ್ನು ಕೇಳುವವರಾರು?

ಹೋಟೆಲಿನವರ ಪಾಡು ಇದಕ್ಕಿಂತ ಮೇಲಲ್ಲ. ನಾವು ದುಡಿದ ಒಂದು ಹೋಟೆಲಿನಲ್ಲಿ ಹಾಜರಿಯೆಲ್ಲ ಗಲ್ಲೆಯ ಕಂಪ್ಯೂಟರಿನಲ್ಲಿ ಇತ್ತು. ಹೋಟೆಲು ಕೈ ಬದಲಾದ ದಿನ ಹಳೆಯ ಧನಿಗಳು ಆ ಪೆಟ್ಟಿಗೆಯನ್ನೂ ಕೊಂಡುಹೋದರು. ಹೊಸ ಧನಿಗಳು "ನಿಮ್ಮ ಹಿಂದಿನ ಲೆಕ್ಕ ನಮಗೆ ತಿಳಿಯದು" ಎಂದರು. ಗ್ರಾಚುಯಿಟಿಯಲ್ಲಿ ಒಂದು ವರ್ಷದ ಸೇವೆಗೆ ಹದಿನೈದು ದಿನದ ಪಗಾರ ಎಂಬ ಲೆಕ್ಕವು 1972ರ ಕಾನೂನಿನಿಂದ ಬಂದದ್ದು; 2025ರ ನವೆಂಬರ್ 21ರಂದು ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಉಳಿದಿದೆ. ಆದರೆ ಎಷ್ಟು ವರ್ಷ ಎಂದು ತೋರಿಸುವ ಕಾಗದ ಯಾರ ಪೆಟ್ಟಿಗೆಯಲ್ಲಿದೆ? ಮಾತು ಬಂದು ನಿಲ್ಲುವುದು ಇಲ್ಲಿಗೇ.

ಈ ಕಾರಣದಿಂದಲೇ ನಮ್ಮ ಸಂಘವು ಸದಸ್ಯರ ಪಗಾರ ಚೀಟಿ, ನೇಮಕದ ಪತ್ರ, ಫಂಡಿನ ನಂಬರು, ಹಳೆಯ ಗಿರಣಿ ಚೀಟಿಗಳ ನಕಲು ತೆಗೆದು ಕಂಪ್ಯೂಟರಿನಲ್ಲಿ ಇಡಲು ತೊಡಗಿದೆ. ಕಚೇರಿಯಲ್ಲಿ ಮೂರು ಕಂಪ್ಯೂಟರುಗಳಿವೆ. ಮೂರರಲ್ಲಿ ಮೂರು ಬಗೆಯ ಪಟ್ಟಿ ಇದ್ದರೆ, ಒಬ್ಬ ಕಾರ್ಯಕರ್ತ ಊರಿಗೆ ಹೋದ ದಿನ ಅವನ ಪೆಟ್ಟಿಗೆ ತೆರೆಯದೆ ಸದಸ್ಯನು ಬರಿಗೈಯಲ್ಲಿ ಮರಳಿದರೆ, ಧನಿಗಳ ಗಲ್ಲೆಗೂ ಸಂಘದ ಕಚೇರಿಗೂ ಏನು ಭೇದ ಉಳಿಯಿತು? ಒಂದೇ ಕಪಾಟು ಇರಬೇಕು, ಹಕ್ಕಿದ್ದವರು ಯಾವ ಮೇಜಿನಿಂದಲೂ ಅದನ್ನು ತೆರೆಯುವಂತಿರಬೇಕು.

ಈ ವಿದ್ಯೆ ನಮಗೆ ಹೊಸತಲ್ಲ

ಹೋಟೆಲಿನ ಬಂಧುಗಳು ಈ ವ್ಯವಸ್ಥೆಯ ನಡುವೆಯೇ ದಿನವೂ ಓಡಾಡುತ್ತಿದ್ದಾರೆ. ಮಾಣಿಯು ಏಳನೆಯ ಟೇಬಲಿಗೆ ಎರಡು ಇಡ್ಲಿ, ಒಂದು ವಡೆ ಎಂದು ಕೈಯಲ್ಲಿನ ಯಂತ್ರದಲ್ಲಿ ಒತ್ತುತ್ತಾನೆ. ಒಳಗೆ ಭಟ್ಟರ ಎದುರು ಚೀಟಿ ಹೊರಬರುತ್ತದೆ. ಗಲ್ಲೆಯಲ್ಲಿ ಏಳನೆಯ ಟೇಬಲಿನ ಬಿಲ್ಲಿಗೆ ಅದು ಸೇರಿಕೊಳ್ಳುತ್ತದೆ. ಮಾಣಿ, ಭಟ್ಟರು, ಗಲ್ಲೆ ಮೂವರನ್ನೂ ಜೋಡಿಸಿದ್ದು ಒಂದು ರೌಟರು. ಒಂದು ಕಟ್ಟಡದೊಳಗೆ ತಂತಿಯಿಂದಲೋ ವೈಫೈಯಿಂದಲೋ ಯಂತ್ರಗಳನ್ನು ಹೀಗೆ ಕೂಡಿಸಿದ್ದಕ್ಕೆ ಲೋಕಲ್ ನೆಟ್‌ವರ್ಕು ಎನ್ನುತ್ತಾರೆ. ಹೆಸರಿಗೆ ತಕ್ಕಂತೆ ಅದು ಲೋಕಲ್ ಆದದ್ದೇ. ಹೊರಗಿನ ಇಂಟರ್ನೆಟ್ ಇಲ್ಲದಿದ್ದರೂ ಒಳಗಿನ ಕೆಲಸ ನಡೆಯುತ್ತದೆ.

ಯಂತ್ರಗಳನ್ನು ಹೀಗೆ ಜೋಡಿಸುವ ಈಥರ್‌ನೆಟ್ ಎಂಬ ಪದ್ಧತಿ 1973ರಲ್ಲಿ ಅಮೆರಿಕೆಯಲ್ಲಿ ಹುಟ್ಟಿತು. ಒಂದು ಯಂತ್ರದ ಕಡತವನ್ನು ಇನ್ನೊಂದು ಯಂತ್ರ ಕೇಳಿ ಪಡೆಯುವ ಮಾತುಕತೆಯ ರೀತಿಗೆ ಎಸ್.ಎಂ.ಬಿ. ಎಂದು ಹೆಸರು. ಅದು 1980ರ ದಶಕದಲ್ಲಿ ಐ.ಬಿ.ಎಂ. ಕಂಪನಿಯಲ್ಲಿ ಆರಂಭವಾಗಿ ಮೈಕ್ರೋಸಾಫ್ಟಿನ ವಿಂಡೋಸಿನಲ್ಲಿ ಬೆಳೆಯಿತು. ವಿಂಡೋಸ್ ಕೊಳ್ಳದವರಿಗೂ ಈ ಮಾತುಕತೆ ಬರಬೇಕೆಂದು ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಜೆಲ್ ಎಂಬ ವಿದ್ಯಾರ್ಥಿಯು 1992ರಲ್ಲಿ ಒಂದು ಸಾಧನವನ್ನು ಎಲ್ಲರಿಗೂ ಪುಕ್ಕಟೆಯಾಗಿ ಬಿಟ್ಟುಕೊಟ್ಟ. ಅನಂತರ ಅದಕ್ಕೆ ಸಾಂಬಾ ಎಂದು ಹೆಸರಾಯಿತು. ನಮ್ಮ ಸಾಂಬಾರಿಗೂ ಅದಕ್ಕೂ ನಂಟಿಲ್ಲ. ಎಸ್, ಎಂ, ಬಿ ಅಕ್ಷರಗಳು ಬರುವ ಪದವನ್ನು ನಿಘಂಟಿನಲ್ಲಿ ಹುಡುಕಿ ಇಟ್ಟ ಹೆಸರು. ಹಣವಿಲ್ಲದ ಸಂಘಗಳೂ ಹಳೆಯ ಕಂಪ್ಯೂಟರಿನಲ್ಲಿ ಲಿನಕ್ಸ್ ಹಾಕಿ ಕಪಾಟು ಮಾಡಿಕೊಳ್ಳಬಹುದಾದದ್ದು ಈತನಂಥವರು ವಿದ್ಯೆಯನ್ನು ಹಂಚಿದ್ದರಿಂದ.

ಬಾಗಿಲಲ್ಲಿ ಕೇಳುವ ಮೂರು ಪ್ರಶ್ನೆ

ಬಂಧುಗಳೇ, ಇನ್ನೊಂದು ಕಂಪ್ಯೂಟರಿನ ಕಡತ ತೆರೆಯುವಾಗ ಮೂರು ಪ್ರಶ್ನೆಗಳು ಎದುರಾಗುತ್ತವೆ. ದಾರಿ ಇದೆಯೇ? ನೀನು ಯಾರು? ನಿನಗೆ ಏನು ಹಕ್ಕು? ಈ ಮೂರನ್ನು ನೆನಪಿಟ್ಟರೆ ಉಳಿದದ್ದು ಬಹಳವಿಲ್ಲ.

ಮೊದಲು ದಾರಿ. ಎರಡೂ ಕಂಪ್ಯೂಟರುಗಳು ಒಂದೇ ರೌಟರಿಗೆ ಸೇರಿರಬೇಕು. ಅತಿಥಿಗಳಿಗೆಂದು ಬೇರೆ ವೈಫೈ ಇಟ್ಟಿದ್ದರೆ ಅದರಿಂದ ಕಪಾಟು ಕಾಣದು; ಕಾಣದಿರುವುದೇ ಸರಿ. ವಿಂಡೋಸಿನ ಸೆಟ್ಟಿಂಗ್ಸಿನಲ್ಲಿ ಈ ನೆಟ್‌ವರ್ಕು ಪಬ್ಲಿಕ್ಕೋ ಪ್ರೈವೇಟೋ ಎಂಬ ಆಯ್ಕೆ ಇರುತ್ತದೆ. ಸಂಘದ ಕಚೇರಿಯಲ್ಲಿ ಪ್ರೈವೇಟ್ ಎಂದು ಆರಿಸಿ, ನೆಟ್‌ವರ್ಕ್ ಡಿಸ್ಕವರಿ ಮತ್ತು ಫೈಲ್ ಶೇರಿಂಗ್ ಎಂಬವುಗಳನ್ನು ತೆರೆದಿಡಬೇಕು. ಸ್ಟೇಶನ್ನಿನ ವೈಫೈಯಲ್ಲಿ, ಬೇರೆಯವರ ಹೋಟೆಲಿನ ವೈಫೈಯಲ್ಲಿ ಕುಳಿತಾಗ ಪಬ್ಲಿಕ್ ಎಂದೇ ಇರಲಿ. ಅಪರಿಚಿತರ ನಡುವೆ ಮನೆಯ ಬಾಗಿಲು ತೆರೆದಿಡುವವರುಂಟೇ?

ಎರಡನೆಯದು, ನೀನು ಯಾರು. ಕಪಾಟಾಗಿರುವ ಕಂಪ್ಯೂಟರಿನಲ್ಲಿ ಪ್ರತಿಯೊಬ್ಬ ಕಾರ್ಯಕರ್ತನಿಗೂ ಅವನ ಹೆಸರಿನ ಖಾತೆ ಮತ್ತು ಅವನಿಗೆ ಮಾತ್ರ ಗೊತ್ತಿರುವ ಪಾಸ್‌ವರ್ಡು ಇರಬೇಕು. "ಎಲ್ಲರಿಗೂ ಒಂದೇ ಇರಲಿ, ಸುಲಭ" ಎನ್ನುವುದುಂಟು. ಸುಲಭ ಹೌದು. ನಾಳೆ ಪಟ್ಟಿಯಿಂದ ಒಬ್ಬರ ಹೆಸರು ಕಾಣೆಯಾದರೆ ಅಳಿಸಿದವರಾರೆಂದು ಹೇಗೆ ಕೇಳುತ್ತೀರಿ? ಎಲ್ಲರ ಕೀಲಿ ಒಂದೇ ಆದರೆ ಎಲ್ಲರೂ ಸಂಶಯಕ್ಕೆ ಒಳಗಾಗುತ್ತಾರೆ. ಪ್ರಾಮಾಣಿಕನಾದವನನ್ನು ಕಾಪಾಡುವುದಕ್ಕೂ ಬೇರೆ ಬೇರೆ ಹೆಸರು ಬೇಕು.

ಮೂರನೆಯದು ಹಕ್ಕು. ಕಪಾಟಿನ ಕಂಪ್ಯೂಟರಿನಲ್ಲಿ ಒಂದು ಫೋಲ್ಡರು ಮಾಡಿ, ಅದರ ಮೇಲೆ ಇಲಿಯ ಬಲಗುಂಡಿ ಒತ್ತಿ, ಪ್ರಾಪರ್ಟೀಸ್ ತೆರೆದು, ಶೇರಿಂಗ್ ಎಂಬಲ್ಲಿ ಹೋಗಿ, ಯಾರಿಗೆ ಓದುವ ಹಕ್ಕು, ಯಾರಿಗೆ ಬರೆಯುವ ಹಕ್ಕು ಎಂದು ಒಬ್ಬೊಬ್ಬರ ಹೆಸರಿಗೆ ಗುರುತು ಹಾಕಬೇಕು. ಅಲ್ಲಿ ಎವರಿವನ್, ಅಂದರೆ ಎಲ್ಲರೂ, ಎಂಬ ಹೆಸರೂ ಸಿಗುತ್ತದೆ. ನೋಡಲು ಪ್ರಜಾಪ್ರಭುತ್ವದಂತೆ ಕಾಣುವ ಆ ಹೆಸರಿಗೆ ಬರೆಯುವ ಹಕ್ಕು ಕೊಡಬೇಡಿ. ಅದು ಸಂಘದ ಸಭಾವಹಿಯನ್ನು ಸ್ಟೇಶನ್ನಿನ ಸೇತುವೆಯ ಮೇಲೆ ಪೆನ್ನು ಸಮೇತ ಇಟ್ಟಂತೆ.

ಇಷ್ಟಾದ ಮೇಲೆ ಎರಡನೆಯ ಕಂಪ್ಯೂಟರಿನಲ್ಲಿ ಫೋಲ್ಡರುಗಳನ್ನು ತೋರಿಸುವ ಕಿಟಕಿ ತೆರೆದು, ಮೇಲಿನ ವಿಳಾಸದ ಸಾಲಿನಲ್ಲಿ ಎರಡು ಹಿಮ್ಮುಖ ಓರೆಗೆರೆ, ಕಪಾಟಿನ ಕಂಪ್ಯೂಟರಿನ ಹೆಸರು, ಮತ್ತೊಂದು ಹಿಮ್ಮುಖ ಓರೆಗೆರೆ, ಫೋಲ್ಡರಿನ ಹೆಸರು ಬರೆದು ಎಂಟರ್ ಒತ್ತಿರಿ. ಹೆಸರು, ಪಾಸ್‌ವರ್ಡು ಕೇಳುತ್ತದೆ. ಕೊಟ್ಟರೆ ಕಪಾಟು ತೆರೆಯುತ್ತದೆ. ದಿನವೂ ಬರೆಯುವ ತೊಂದರೆ ಬೇಡವಾದರೆ ಮ್ಯಾಪ್ ಡ್ರೈವ್ ಎಂಬ ಉಪಾಯದಿಂದ ಅದಕ್ಕೆ ಒಂದು ಅಕ್ಷರ ಕೊಟ್ಟು ನಿಮ್ಮದೇ ಕಂಪ್ಯೂಟರಿನ ಭಾಗವೆಂಬಂತೆ ಕೂರಿಸಬಹುದು.

ತೆರೆಯದಿದ್ದರೆ ಏನು?

ತೆರೆಯದ ದಿನಗಳು ಬರುತ್ತವೆ. ಆಗ ಪೆಟ್ಟಿಗೆಯನ್ನು ಬಡಿಯುವುದರಿಂದ ಫಲವಿಲ್ಲ. ಅವೇ ಮೂರು ಪ್ರಶ್ನೆಗಳನ್ನು ಅದೇ ಕ್ರಮದಲ್ಲಿ ಕೇಳಿರಿ.

ಕಪಾಟೇ ಕಾಣದಿದ್ದರೆ ದಾರಿಯ ತೊಡಕು. ಬಹುಪಾಲು ಆ ಕಂಪ್ಯೂಟರು ನಿದ್ರೆ ಹೋಗಿರುತ್ತದೆ. ಕಪಾಟಾದದ್ದು ಕೆಲಸದ ಹೊತ್ತಿನಲ್ಲಿ ನಿದ್ರೆ ಮಾಡದಂತೆ ಸೆಟ್ಟಿಂಗು ಬದಲಿಸಿರಿ. ಎದ್ದಿದ್ದರೂ ಕಾಣದಾದರೆ ಹೆಸರಿಗೆ ಬದಲಾಗಿ ಅದರ ಐ.ಪಿ. ನಂಬರನ್ನು ವಿಳಾಸದ ಸಾಲಿನಲ್ಲಿ ಬರೆದು ನೋಡಿ. ನಂಬರಿನಿಂದ ತೆರೆದು ಹೆಸರಿನಿಂದ ತೆರೆಯದಾದರೆ ದಾರಿ ಸರಿಯಿದೆ, ಹೆಸರು ಹುಡುಕುವುದರಲ್ಲಿ ದೋಷವಿದೆ ಎಂದರ್ಥ. ಈ ನಂಬರನ್ನು ರೌಟರು ಹಂಚುತ್ತದೆ. ಬದಲಿ ಕಾಮಗಾರನಿಗೆ ದಿನಕ್ಕೊಂದು ಖಾತೆ ಕೊಟ್ಟಂತೆ ಇಂದು ಒಂದು, ನಾಳೆ ಇನ್ನೊಂದು ಕೊಡಬಹುದು. ಕಪಾಟಿನ ಕಂಪ್ಯೂಟರಿಗೆ ಖಾಯಂ ನಂಬರು ಕೊಡುವಂತೆ ರೌಟರಿನಲ್ಲಿ ಗುರುತು ಹಾಕಿಸಬೇಕು.

ಹೆಸರು ಕೇಳಿ ಪಾಸ್‌ವರ್ಡು ಒಪ್ಪದಿದ್ದರೆ ಎರಡನೆಯ ಪ್ರಶ್ನೆಯ ತೊಡಕು. ಕಂಪ್ಯೂಟರಿನ ಎದುರು ಕುಳಿತು ಒತ್ತುವ ನಾಲ್ಕಂಕಿಯ ಪಿನ್ನು ದೂರದಿಂದ ನಡೆಯುವುದಿಲ್ಲ. ಅದು ಆ ಒಂದೇ ಪೆಟ್ಟಿಗೆಗೆ ಸೇರಿದ್ದು. ನಿಜವಾದ ಪಾಸ್‌ವರ್ಡನ್ನೇ ಕೊಡಬೇಕು. ಮತ್ತೆ, ನಿಮ್ಮ ಕಂಪ್ಯೂಟರಿನ ಹೆಸರಲ್ಲ, ಕಪಾಟಿನ ಕಂಪ್ಯೂಟರಿನಲ್ಲಿ ಇರುವ ಹೆಸರು ಬೇಕು. ಗೊಂದಲವಾದರೆ ಹೆಸರಿನ ಮುಂದೆ ಆ ಕಂಪ್ಯೂಟರಿನ ಹೆಸರು ಮತ್ತು ಓರೆಗೆರೆ ಸೇರಿಸಿರಿ. ಊರ ಹೆಸರು ಹೇಳಿ ಆಳಿನ ಹೆಸರು ಹೇಳಿದಂತೆ.

ಒಳಗೆ ಬಿಟ್ಟು "ಅನುಮತಿ ಇಲ್ಲ" ಎಂದರೆ ಮೂರನೆಯ ಪ್ರಶ್ನೆಯ ತೊಡಕು. ಇಲ್ಲಿ ಹಲವರು ಸೋಲುತ್ತಾರೆ. ವಿಂಡೋಸಿನಲ್ಲಿ ಎರಡು ಬೀಗಗಳಿವೆ. ಶೇರಿಂಗ್ ಎಂಬಲ್ಲಿ ಹಾಕಿದ್ದು ಹೊರಬಾಗಿಲಿನ ಬೀಗ. ಸೆಕ್ಯುರಿಟಿ ಎಂಬಲ್ಲಿ ಇರುವುದು ಒಳಬಾಗಿಲಿನದು. ಹೊರಗೆ ಬರೆಯುವ ಹಕ್ಕು ಕೊಟ್ಟು ಒಳಗೆ ಓದುವ ಹಕ್ಕು ಮಾತ್ರ ಇದ್ದರೆ ಓದುವುದಷ್ಟೇ ಸಾಧ್ಯ. ಎರಡರಲ್ಲಿ ಬಿಗಿಯಾದದ್ದೇ ಗೆಲ್ಲುತ್ತದೆ. ಸ್ಟೋರಿನ ಬಾಗಿಲು ತೆರೆದರೂ ತುಪ್ಪದ ಡಬ್ಬಕ್ಕೆ ಬೇರೆ ಬೀಗ ಇರುವುದಿಲ್ಲವೇ?

ಇನ್ನೊಂದು ಮಾತು. ಹೊಸ ವಿಂಡೋಸ್ 11ರಲ್ಲಿ, 2024ರಲ್ಲಿ ಬಂದ 24ಎಚ್2 ಎಂಬ ಆವೃತ್ತಿಯ ಮೇಲೆ, ಪಾಸ್‌ವರ್ಡಿಲ್ಲದೆ ತೆರೆದಿಟ್ಟ ಹಳೆಯ ಡಿಸ್ಕುಗಳು ತೆರೆಯದೆ ನಿಂತ ಉದಾಹರಣೆಗಳು ಹಲವು. ರಿಪೇರಿಗೆ ಕರೆದವರು ಭದ್ರತೆಯ ಕಟ್ಟನ್ನೇ ಸಡಿಲಿಸಿ "ಆಯಿತು ನೋಡಿ" ಎಂದು ಹಣ ಕೇಳಬಹುದು. ಒಪ್ಪಬೇಡಿ. ಡಿಸ್ಕಿಗೆ ಹೆಸರು, ಪಾಸ್‌ವರ್ಡು ಹಾಕಿಸಿ, ಅದರ ಸಾಫ್ಟ್‌ವೇರನ್ನು ಹೊಸತು ಮಾಡಿಸಿ. ಬಾಗಿಲು ತೆರೆಯದೆಂದು ಬಾಗಿಲನ್ನೇ ಕಿತ್ತವನಿಗೆ ಕೂಲಿ ಕೊಡಬೇಕೇ?

ಎರಡು ಎಚ್ಚರಿಕೆಗಳನ್ನು ಇಲ್ಲೇ ಹೇಳಿಬಿಡುತ್ತೇವೆ. ಒಂದೇ ಪಟ್ಟಿಯನ್ನು ಇಬ್ಬರು ಒಂದೇ ಹೊತ್ತಿನಲ್ಲಿ ತೆರೆದರೆ ಎರಡನೆಯವರಿಗೆ ಓದಲು ಮಾತ್ರ ಸಾಧ್ಯವೆಂದು ಅದು ಹೇಳುವುದುಂಟು. ಆಗ ಅವಸರಪಟ್ಟು ಬೇರೆ ಹೆಸರಿನಲ್ಲಿ ಇನ್ನೊಂದು ನಕಲು ಇಡಬೇಡಿ. ಒಂದು ವಾರದಲ್ಲಿ ಐದು ಪಟ್ಟಿಗಳಾಗಿ ಯಾವುದು ನಿಜವೆಂದು ತಿಳಿಯದು. ಮೊದಲನೆಯವರಿಗೆ ಹೇಳಿ ಮುಚ್ಚಿಸಿರಿ. ಎರಡನೆಯದು ಇನ್ನೂ ಮುಖ್ಯ. ನಿಮ್ಮ ಕಂಪ್ಯೂಟರಿನಲ್ಲಿ ಅಳಿಸಿದ್ದು ಕಸದ ಬುಟ್ಟಿಯಲ್ಲಿ ಸಿಗುತ್ತದೆ. ಇನ್ನೊಂದು ಕಂಪ್ಯೂಟರಿನ ಕಪಾಟಿನಲ್ಲಿ ಇಲ್ಲಿಂದ ಕುಳಿತು ಅಳಿಸಿದ್ದು ಸಾಮಾನ್ಯವಾಗಿ ಯಾವ ಬುಟ್ಟಿಗೂ ಬೀಳದೆ ನೇರ ಹೋಗಿಬಿಡುತ್ತದೆ. ಆದುದರಿಂದ ಬರೆಯುವ ಹಕ್ಕು ಕೆಲವರಿಗೆ ಮಾತ್ರ ಎಂದದ್ದು ಅಹಂಕಾರದಿಂದಲ್ಲ.

ಕಲ್ಯಾಣದಿಂದ ತೆರೆಯಬಹುದೇ?

"ನಾವು ಕಲ್ಯಾಣದವರು, ನೀವು ವಾಶಿಯವರು. ಡೊಂಬಿವಲಿಯ ಕಪಾಟು ನಮಗೆ ಅಲ್ಲಿಂದಲೇ ತೆರೆಯದೇ?" ಎಂದು ಒಬ್ಬ ಕಾಕಾ ಕೇಳಿದರು. ಒಳ್ಳೆಯ ಪ್ರಶ್ನೆ. ನೇರವಾಗಿ ಉತ್ತರ ಹೇಳುವುದಾದರೆ, ಇಲ್ಲ. ಹಾಗೆ ತೆರೆಯಲು ಪ್ರಯತ್ನಿಸಲೂ ಬಾರದು. ಈ ವ್ಯವಸ್ಥೆ ಒಂದು ಕಟ್ಟಡದೊಳಗಿನದು. ರೌಟರಿನಲ್ಲಿ 445 ಎಂಬ ನಂಬರಿನ ಬಾಗಿಲನ್ನು ಹೊರಕ್ಕೆ ತೆರೆದಿಟ್ಟರೆ ಕಲ್ಯಾಣದವರಿಗೆ ತೆರೆದೀತು, ಜೊತೆಗೆ ಲೋಕದ ಕಳ್ಳರಿಗೆಲ್ಲ ತೆರೆದೀತು. ದೂರದಿಂದ ಬೇಕೇ ಬೇಕಾದರೆ ವಿ.ಪಿ.ಎನ್. ಎಂಬ ಬೀಗದ ಸುರಂಗವನ್ನು ತಿಳಿದವರಿಂದ ಹಾಕಿಸಬೇಕು. ಅಲ್ಲಿಯವರೆಗೆ ಕಲ್ಯಾಣಕ್ಕೂ ಡೊಂಬಿವಲಿಗೂ ನಡುವೆ ಠಾಕುರ್ಲಿ ಒಂದೇ ಸ್ಟೇಶನ್ನು. ಗಾಡಿ ಹತ್ತಿ ಬನ್ನಿರಿ, ಚಹಾ ಕುಡಿದು ಹೋಗಿರಿ.

ನ್ಹಾವಾ ಶೇವಾದಲ್ಲಿ ನಡೆದದ್ದು

ಬಾಗಿಲ ಬಗ್ಗೆ ಇಷ್ಟೊಂದು ಹೇಳುವುದೇಕೆ ಎಂಬುದಕ್ಕೆ ನವಿಮುಂಬಯಿಯ ಪಕ್ಕದಲ್ಲೇ ಸಾಕ್ಷಿ ಇದೆ. 2017ರ ಮಾರ್ಚ್ ತಿಂಗಳಲ್ಲಿ ಮೈಕ್ರೋಸಾಫ್ಟ್ ಕಂಪನಿಯು ವಿಂಡೋಸಿನ ಕಡತ ಹಂಚುವ ಭಾಗದಲ್ಲಿ ಒಂದು ಬಿರುಕು ಇದೆಯೆಂದು ಅದಕ್ಕೆ ತೇಪೆ ಹೊರಡಿಸಿತು. ಅನೇಕರು ತೇಪೆ ಹಾಕಲಿಲ್ಲ. ಮೇ 12ರಂದು ವಾನಾಕ್ರೈ ಎಂಬ ಕೇಡಿನ ಪ್ರೋಗ್ರಾಮು ಆ ಬಿರುಕಿನಿಂದ ನುಗ್ಗಿ ನೂರೈವತ್ತರಷ್ಟು ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕಂಪ್ಯೂಟರುಗಳ ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ಜೂನ್ 27ರಂದು ಅದಕ್ಕಿಂತ ಕ್ರೂರವಾದ ನಾಟ್‌ಪೆಟ್ಯಾ ಬಂತು. ಯುಕ್ರೇನ್ ದೇಶದ ಒಂದು ಲೆಕ್ಕಪತ್ರದ ಸಾಫ್ಟ್‌ವೇರಿನ ಮೂಲಕ ಹೊಕ್ಕ ಅದು ಕಚೇರಿಗಳ ಒಳಜಾಲಗಳಲ್ಲಿ ಅದೇ ಬಿರುಕಿನಿಂದಲೂ, ಒಂದು ಕಂಪ್ಯೂಟರಿನಲ್ಲಿ ಕದ್ದ ಪಾಸ್‌ವರ್ಡನ್ನು ಇನ್ನೊಂದರಲ್ಲಿ ಬಳಸಿಯೂ ಹಬ್ಬಿತು.

ಮರ್ಸ್ಕ್ ಎಂಬ ದೊಡ್ಡ ಹಡಗು ಕಂಪನಿಯ ಜಾಲಕ್ಕೂ ಅದು ಹೊಕ್ಕಿತು. ನ್ಹಾವಾ ಶೇವಾದ ಜವಾಹರಲಾಲ್ ನೆಹರು ಬಂದರಿನಲ್ಲಿ ಆ ಬಳಗ ನಡೆಸುತ್ತಿದ್ದ ಗೇಟ್‌ವೇ ಟರ್ಮಿನಲ್ಸ್ ಇಂಡಿಯಾದ ಕಂಪ್ಯೂಟರುಗಳು ನಿಂತವು. ವರ್ಷಕ್ಕೆ 18 ಲಕ್ಷ ಕಂಟೇನರುಗಳ ಲೆಕ್ಕದಲ್ಲಿ ಕೆಲಸ ಮಾಡಬಲ್ಲ ಆ ಟರ್ಮಿನಲ್ಲಿನಲ್ಲಿ ಕ್ರೇನುಗಳು ಇದ್ದವು, ಆಳುಗಳು ಇದ್ದರು, ಲಾರಿಗಳು ಇದ್ದವು; ಯಾವ ಪೆಟ್ಟಿಗೆ ಯಾರದು, ಎಲ್ಲಿಗೆ ಹೋಗಬೇಕು ಎಂಬ ಪಟ್ಟಿ ಕಾಣದಾಯಿತು. ಕೈಬರಹದಿಂದ ಕೆಲಸ ಸಾಗಿಸಬೇಕಾಯಿತು. ನೋಡಿ ಬಂಧುಗಳೇ, ಪಟ್ಟಿ ಹೋದರೆ ಬಂದರೇ ನಿಲ್ಲುತ್ತದೆ.

ಈ ಕಥೆಯಲ್ಲಿ ನಮಗೆ ಬೇಕಾದ ಪಾಠ ಕೊನೆಯಲ್ಲಿದೆ. ಮರ್ಸ್ಕ್ ಕಂಪನಿಯ ಇಡೀ ಜಾಲದಲ್ಲಿ ಯಾರು ಯಾರು, ಯಾರಿಗೆ ಯಾವ ಹಕ್ಕು ಎಂದು ಬರೆದಿಟ್ಟ ಮುಖ್ಯ ಯಂತ್ರಗಳು ಲೋಕದ ನಾನಾ ಕಡೆ ನೂರೈವತ್ತರಷ್ಟು ಇದ್ದವು. ಒಂದರ ನಕಲು ಇನ್ನೊಂದರಲ್ಲಿ ಇತ್ತು. ಆದರೆ ಎಲ್ಲವೂ ತಂತಿಯ ಮೇಲೆಯೇ ಇದ್ದುದರಿಂದ ಎಲ್ಲವೂ ಒಟ್ಟಿಗೆ ಅಳಿದವು. ಆಫ್ರಿಕದ ಘಾನಾ ದೇಶದಲ್ಲಿದ್ದ ಒಂದು ಮಾತ್ರ ಉಳಿಯಿತು. ಏಕೆ? ಆ ಹೊತ್ತಿಗೆ ಅಲ್ಲಿ ಕರೆಂಟು ಹೋಗಿತ್ತು! ಆ ಒಂದನ್ನು ಹಿಡಿದುಕೊಂಡು ಹತ್ತು ದಿನಗಳಲ್ಲಿ 4,000 ಸರ್ವರು, 45,000 ಕಂಪ್ಯೂಟರು ಮತ್ತೆ ಕಟ್ಟಿದರು. ಅವರ ನಷ್ಟ 25ರಿಂದ 30 ಕೋಟಿ ಡಾಲರು ಎಂದು ಕಂಪನಿಯೇ ಹೇಳಿತು. ಅವರಲ್ಲಿ ಹಣವಿತ್ತು, ತಡೆದುಕೊಂಡರು. ನಮ್ಮ ಸದಸ್ಯನ ಹಳೆಯ ಗಿರಣಿ ಚೀಟಿ ಹೋದರೆ ಅದನ್ನು ಮತ್ತೆ ಕಟ್ಟಿಕೊಡುವ ಇಂಜಿನಿಯರು ಎಲ್ಲಿಯೂ ಇಲ್ಲ.

ಆದುದರಿಂದ ಕಪಾಟು ಎಷ್ಟೇ ಚೆನ್ನಾಗಿರಲಿ, ಒಂದು ನಕಲು ತಂತಿಯಿಂದ ಹೊರಗೆ ಇರಲೇಬೇಕು. ಘಾನಾದಲ್ಲಿ ಕರೆಂಟು ಹೋದದ್ದು ದೈವಯೋಗ. ನಾವು ಅದನ್ನು ನಿಯಮವಾಗಿ ಮಾಡಿಕೊಳ್ಳಬೇಕು.

ನಾವು ಮಾಡಬೇಕಾದ ನಿರ್ಧಾರ

ಈಗ ಸಭೆಯ ಮುಂದೆ ಆರು ಸೂಚನೆಗಳನ್ನು ಇಡುತ್ತೇವೆ. ಚರ್ಚೆಯಾಗಲಿ.

ಒಂದು, ಸದಸ್ಯರ ಕಾಗದವೆಲ್ಲ ಒಂದೇ ಕಪಾಟಿನ ಕಂಪ್ಯೂಟರಿನಲ್ಲಿ ಇರಬೇಕು. ಯಾರ ಸ್ವಂತ ಫೋನಿನಲ್ಲೂ, ಸ್ವಂತ ಲ್ಯಾಪ್‌ಟಾಪಿನಲ್ಲೂ ಉಳಿಯಬಾರದು.

ಎರಡು, ಪ್ರತಿ ಕಾರ್ಯಕರ್ತನಿಗೂ ಬೇರೆ ಹೆಸರು, ಬೇರೆ ಪಾಸ್‌ವರ್ಡು. ಓದುವ ಹಕ್ಕು ಶಾಖಾ ಕಾರ್ಯದರ್ಶಿಗಳೆಲ್ಲರಿಗೂ. ಬರೆಯುವ ಹಕ್ಕು ಸಭೆಯು ಆರಿಸಿದ ಇಬ್ಬರಿಗೆ. ಇಬ್ಬರೇಕೆಂದರೆ ಒಬ್ಬನೇ ಆದರೆ ಅವನು ಧನಿಯಾಗುತ್ತಾನೆ. ಅವನು ಜ್ವರ ಬಂದು ಮಲಗಿದರೆ ಸಂಘವೂ ಮಲಗುತ್ತದೆ.

ಮೂರು, ಕೆಲಸ ಬಿಟ್ಟ ಕಾರ್ಯಕರ್ತನ ಹೆಸರನ್ನು ಅದೇ ದಿನ ತೆಗೆಯಬೇಕು. ಇದರಲ್ಲಿ ಅವಮಾನವಿಲ್ಲ. ಹೋಟೆಲು ಬಿಡುವಾಗ ಸ್ಟೋರಿನ ಕೀಲಿ ಕೊಟ್ಟು ಹೋಗುವುದಿಲ್ಲವೇ?

ನಾಲ್ಕು, ಪ್ರತಿ ಸೋಮವಾರ ಕಪಾಟಿನ ನಕಲನ್ನು ಹೊರಗಿನ ಡಿಸ್ಕಿಗೆ ತೆಗೆದು, ಪಾಸ್‌ವರ್ಡು ಹಾಕಿ, ತಂತಿಯಿಂದ ಬಿಡಿಸಿ ಇಡಬೇಕು. ಇಂಥ ಡಿಸ್ಕುಗಳು ಎರಡಿರಲಿ. ಒಂದು ಡೊಂಬಿವಲಿಯಲ್ಲಿ, ಇನ್ನೊಂದು ಥಾಣೆಯಲ್ಲಿ, ಮೇಲಿನ ಮಹಡಿಯಲ್ಲಿ. 2005ರ ನೀರು ನಮಗೆ ನೆನಪಿರಲಿ. ತಿಂಗಳಿಗೊಮ್ಮೆ ಆ ಡಿಸ್ಕಿನಿಂದ ಒಂದು ಕಡತವನ್ನು ತೆರೆದು ನೋಡಬೇಕು. ತೆರೆದು ನೋಡದ ನಕಲು ರುಚಿ ನೋಡದ ಸಾರಿನಂತೆ.

ಐದು, ಕಂಪ್ಯೂಟರುಗಳಿಗೆ ಬರುವ ತೇಪೆಗಳನ್ನು ತಪ್ಪದೆ ಹಾಕಬೇಕು. ವಿಂಡೋಸ್ 10ಕ್ಕೆ ಕಂಪನಿಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಕಚೇರಿಯ ಹಳೆಯ ಯಂತ್ರವನ್ನು ಹೊಸ ವಿಂಡೋಸಿಗೋ ಲಿನಕ್ಸಿಗೋ ಬದಲಿಸಬೇಕು.

ಆರು, ಸದಸ್ಯನು ಕೇಳಿದ ದಿನ ಅವನ ಕಾಗದದ ಪ್ರತಿಯನ್ನು ಅವನ ಕೈಗೆ ಕೊಡಬೇಕು. ಅವನ ಒಪ್ಪಿಗೆಯಿಲ್ಲದೆ ಬೇರೆ ಯಾರಿಗೂ, ಧನಿಗಳಿಗೂ, ಪಕ್ಷದವರಿಗೂ, ಸಾಲ ಕೊಡುವ ಏಜಂಟರಿಗೂ ಕೊಡಬಾರದು. ಜನರ ಸ್ವಂತ ಮಾಹಿತಿಯನ್ನು ಕಾಯಬೇಕೆಂದು 2023ರಲ್ಲಿ ಪಾರ್ಲಿಮೆಂಟು ಕಾನೂನು ಮಾಡಿದೆ. ಕಾನೂನು ಇರದಿದ್ದರೂ ನಂಬಿಕೆಯ ಕಾನೂನು ಮೊದಲಿಂದ ಇದೆ. ಬ್ಯಾಂಕಿನ ಪಿನ್ನು, ಫೋನಿಗೆ ಬರುವ ಓ.ಟಿ.ಪಿ. ಇವುಗಳನ್ನು ನಾವು ಕೇಳುವುದೂ ಇಲ್ಲ, ಇಡುವುದೂ ಇಲ್ಲ. ಸಂಘದ ಹೆಸರಿನಲ್ಲಿ ಯಾರಾದರೂ ಕೇಳಿದರೆ ಕೊಡಬೇಡಿರಿ.

ಬಂಧುಗಳೇ, ಸಾಮುದಾಯಿಕ ಎಂದರೆ ಯಾರೂ ನೋಡಿಕೊಳ್ಳದ್ದು ಎಂಬ ಅರ್ಥ ನಮ್ಮಲ್ಲಿ ಬೇರೂರಿದೆ. ಚಾಳಿನ ಸಾರ್ವಜನಿಕ ನಲ್ಲಿ ಸೋರುತ್ತಿದ್ದರೆ ಎಲ್ಲರೂ ದಾಟಿ ಹೋಗುತ್ತಾರೆ. ಕಪಾಟು ಹಾಗಾಗಬಾರದು. ಅದು ಎಲ್ಲರದು, ಆದರೆ ಅದರ ಪ್ರತಿಯೊಂದು ಕೀಲಿಯೂ ಒಬ್ಬೊಬ್ಬರ ಹೆಸರಿನದು, ಲೆಕ್ಕ ಕೇಳಿದರೆ ಉತ್ತರ ಕೊಡಬೇಕಾದದ್ದು. ಸಂಘ ಎಂಬುದಕ್ಕೂ ಇದೇ ಅರ್ಥ.

ಮುಂದಿನ ಸೋಮವಾರ, ಹೋಟೆಲುಗಳ ಮಧ್ಯಾಹ್ನದ ಬಿಡುವಿನಲ್ಲಿ, ಮೂರು ಗಂಟೆಗೆ ಇದೇ ಕಚೇರಿಯಲ್ಲಿ ಕಲಿಸುವ ವರ್ಗ ಇದೆ. ಗಿರಣಿಯ ಹಿರಿಯರು ತಮ್ಮ ಟ್ರಂಕಿನ ಚೀಟಿಗಳನ್ನು ತರಲಿ. ಹೋಟೆಲಿನ ಹುಡುಗರು ಅವುಗಳ ನಕಲು ತೆಗೆದು ಕಪಾಟಿನಲ್ಲಿ ಇಡಲು ಕಲಿಯಲಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳಿದ್ದರೆ ಅವರನ್ನೂ ಕರೆತನ್ನಿರಿ. ನಮಗಿಂತ ಬೇಗ ಕಲಿಯುತ್ತಾರೆ, ಕಲಿಸುತ್ತಾರೆ. ಚಹಾದ ಖರ್ಚು ಸಂಘದ್ದು.